ಲೆಕ್ಕ ಕೇಳಿ: ತಾಳೆಯಾಗದ ಆನ್‌ಲೈನ್ ಮಾರಾಟ

ಪ್ರಶ್ನೆ: ನಮ್ಮದು ಕಾಫಿಪುಡಿ ಅಂಗಡಿ. ಒಂದು ಆನ್‌ಲೈನ್ ತಾಣದಲ್ಲೂ ಮಾರುತ್ತೇವೆ. ವಾರವಾರ ಬ್ಯಾಂಕಿಗೆ ಬಂದ ಹಣವನ್ನೇ ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮಾರಾಟ ಎಂದು ಬರೆದಿದ್ದೇವೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾಣುವ ಮಾರಾಟ ನಮ್ಮದಕ್ಕಿಂತ ಜಾಸ್ತಿ ಇದೆ ಅನ್ನುತ್ತಾರೆ ಆಡಿಟರ್. ಎಲ್ಲಿ ತಪ್ಪಿದೆ?
— ಓದುಗರು, ಚಿಕ್ಕಮಗಳೂರು

ಉತ್ತರ: ಬ್ಯಾಂಕಿಗೆ ಬರುವುದು ತಾಣದವರು ಎಲ್ಲ ಮುರಿದುಕೊಂಡು ಉಳಿಸಿದ ಹಣ. ಅದನ್ನು ಮಾರಾಟ ಎಂದು ಬರೆದದ್ದೇ ತಪ್ಪು.

ತಿಂಗಳಿಗೆ ತೆರಿಗೆ ಸೇರಿ 1,05,000 ರೂಪಾಯಿ ಪುಡಿ ಹೋಯಿತು ಅನ್ನಿ. ಹುರಿದ ಕಾಫಿಪುಡಿಗೆ ಜಿಎಸ್‌ಟಿ ಶೇ 5. ಹಾಗಾಗಿ ಮಾಲಿನ ಬೆಲೆ 1,00,000, ತೆರಿಗೆ 5,000. ಅದರಲ್ಲಿ 10,500 ರೂಪಾಯಿಯ ಮಾಲು ವಾಪಸಾಯಿತು. ಉಳಿದದ್ದು 94,500. ಕಮಿಷನ್ ಮತ್ತು ಸಾಗಣೆ 14,000, ಅದಕ್ಕೆ ಶೇ 18ರ ಜಿಎಸ್‌ಟಿ 2,520. ವಾಪಸಾದದ್ದು ಕಳೆದ 90,000ದ ಮೇಲೆ ಜಿಎಸ್‌ಟಿ ಟಿಸಿಎಸ್ (ತಾಣದವರು ನಿಮ್ಮ ಹೆಸರಿನಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಶೇ 0.5, ಅಂದರೆ 450. ಆದಾಯ ತೆರಿಗೆಯ ಟಿಡಿಎಸ್ (ಮೂಲದಲ್ಲೇ ಕಡಿತ) ವಾಪಸಾದದ್ದನ್ನು ಕಳೆಯದ 1,00,000ದ ಮೇಲೆ ಶೇ 0.1, ಅಂದರೆ 100. ಕೊನೆಗೆ ನಿಮ್ಮ ಖಾತೆಗೆ 77,430 ಬಿತ್ತು. ನೀವು ಇದನ್ನೇ ಮಾರಾಟ ಎಂದಿರಿ. ತಾಣದವರು ತಮ್ಮ ಮಾಸಿಕ ರಿಟರ್ನ್ ಆದ ಜಿಎಸ್‌ಟಿಆರ್-8ರಲ್ಲಿ 90,000 ಎಂದು ತೋರಿಸಿದರು. ಅಂತರ ಅಲ್ಲಿಂದ ಬಂತು. ಹೀಗೆ ಬರೆದರೆ ಕಮಿಷನ್ ಮೇಲಿನ 2,520ರ ಹೂಡುವಳಿ ತೆರಿಗೆ (ಕೊಂಡದ್ದಕ್ಕೆ ಕಟ್ಟಿ, ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಜಿಎಸ್‌ಟಿ), ಟಿಸಿಎಸ್‌ನ 450, ಟಿಡಿಎಸ್‌ನ 100 ಎಲ್ಲವೂ ಪುಸ್ತಕದಿಂದಲೇ ಮಾಯ. ಅದು ನಿಮ್ಮದೇ ದುಡ್ಡು.

ಟ್ಯಾಲಿಯಲ್ಲಿ ಸಂಡ್ರಿ ಡೆಟರ್ಸ್ (ನಮಗೆ ಹಣ ಕೊಡಬೇಕಾದವರು) ಕೆಳಗೆ ತಾಣದ ಹೆಸರಿನಲ್ಲಿ ಒಂದು ಲೆಡ್ಜರ್ ತೆರೆಯಿರಿ. ಮಾರಾಟದ ಪೂರ್ತಿ ಮೊತ್ತ ಅದಕ್ಕೆ ಡೆಬಿಟ್. ವಾಪಸಾದ ಮಾಲಿನ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ), ಕಮಿಷನ್ ಬಿಲ್, ಟಿಸಿಎಸ್, ಟಿಡಿಎಸ್, ಬ್ಯಾಂಕಿಗೆ ಬಂದ ಹಣ ಎಲ್ಲ ಕ್ರೆಡಿಟ್. ತಿಂಗಳ ಕೊನೆಗೆ ಬಾಕಿ ಸೊನ್ನೆಯಾಗಬೇಕೆಂದಿಲ್ಲ, ಆಗುವುದೂ ಇಲ್ಲ. ಇನ್ನೂ ಪಾವತಿಯಾಗದ ಆರ್ಡರ್‌ಗಳ ಮೊತ್ತಕ್ಕೆ ಅದು ಸರಿಹೊಂದಬೇಕು, ಅಷ್ಟೆ. ಆ ಆರ್ಡರ್ ನಂಬರುಗಳ ಪಟ್ಟಿಯನ್ನು ಪ್ರತಿ ತಿಂಗಳೂ ತೆಗೆದಿಡಿ.

ಕಮಿಷನ್ ಬಿಲ್ ಜಿಎಸ್‌ಟಿಆರ್-2ಬಿಯಲ್ಲಿ (ನಿಮಗೆ ಸಿಗುವ ಹೂಡುವಳಿ ತೆರಿಗೆಯ ಪೋರ್ಟಲ್ ಪಟ್ಟಿ) ಬಂದಿದೆಯೇ ನೋಡಿಕೊಳ್ಳಿ. ಟಿಸಿಎಸ್ ತಾನಾಗಿ ಜಮಾ ಆಗದು. ಪೋರ್ಟಲ್‌ನ ‘ಟಿಡಿಎಸ್ ಅಂಡ್ ಟಿಸಿಎಸ್ ಕ್ರೆಡಿಟ್ ರಿಸೀವ್ಡ್’ನಲ್ಲಿ ಒಪ್ಪಿಕೊಂಡು ಫೈಲ್ ಮಾಡಿದರೆ ಮಾತ್ರ ಕ್ಯಾಶ್ ಲೆಡ್ಜರ್‌ಗೆ ಸೇರುತ್ತದೆ. ಹಿಂದಿನ ತಿಂಗಳುಗಳಲ್ಲಿ ಕಡಿಮೆ ತೋರಿಸಿದ ಮಾರಾಟವನ್ನು, ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ ಮುಂದಿನ ರಿಟರ್ನ್‌ಗಳಲ್ಲಿ ತಿದ್ದಬಹುದು. ಕಡಿಮೆ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ ಬೀಳುತ್ತದೆ, ತಡ ಮಾಡಬೇಡಿ.

ಪ್ರಶ್ನೆ: ಕೊಬ್ಬರಿ ಎಣ್ಣೆ ಮಾರುತ್ತೇವೆ. ತಾಣದಿಂದ ಪಾವತಿ ವರದಿ, ತೆರಿಗೆ ವರದಿ ಎರಡೂ ಇಳಿಸಿಕೊಂಡೆ. ಒಂದಕ್ಕೊಂದು ಹೊಂದುತ್ತಿಲ್ಲ. ಯಾವುದನ್ನು ನಂಬಲಿ?
— ಓದುಗರು, ಅರಸೀಕೆರೆ

ಉತ್ತರ: ಎರಡೂ ಸರಿ ಇರಬಹುದು. ತೆರಿಗೆ ವರದಿ (ಅಮೆಜಾನ್‌ನಲ್ಲಿ ಮರ್ಚೆಂಟ್ ಟ್ಯಾಕ್ಸ್ ರಿಪೋರ್ಟ್) ಬಿಲ್ಲಿನ ತಾರೀಖು ಹಿಡಿದು ಹೋಗುತ್ತದೆ, ಪಾವತಿ ವರದಿ ಹಣ ಬಿಟ್ಟ ತಾರೀಖು. ಮಾರ್ಚ್ 28ರ ಬಿಲ್ಲಿನ ಹಣ ಏಪ್ರಿಲ್‌ನಲ್ಲಿ ಬಂದರೂ ಮಾರಾಟ ಮಾರ್ಚಿನದೇ. ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಅನ್ನು ತೆರಿಗೆ ವರದಿಯಿಂದಲೇ ತುಂಬಿ. ಹೊರರಾಜ್ಯಕ್ಕೆ ಹೋದದ್ದು ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ), ಕರ್ನಾಟಕದೊಳಗಿನದು ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು). ತಾಣದ ಮೂಲಕ ಮಾರಿದ್ದನ್ನು ಅದೇ ರಿಟರ್ನ್‌ನ 14ನೇ ಕೋಷ್ಟಕದಲ್ಲೂ ತೋರಿಸಬೇಕು. ಮಾರ್ಚಿನ ಮಾಲು ಏಪ್ರಿಲ್‌ನಲ್ಲಿ ವಾಪಸ್ ಬಂದರೆ ಕ್ರೆಡಿಟ್ ನೋಟ್ ಏಪ್ರಿಲ್‌ಗೆ; ಮಾರ್ಚಿನ ಬಿಲ್ ಅಳಿಸಲು ಹೋಗಬೇಡಿ.

ತಾಳೆ ನೋಡುವಾಗ ಎಕ್ಸೆಲ್ ಎರಡು ಕಡೆ ಕೈಕೊಡುತ್ತದೆ. 15 ಅಂಕಿಗಿಂತ ಉದ್ದದ ನಂಬರ್ ಇದ್ದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಆದ್ದರಿಂದ ಫೈಲನ್ನು ನೇರ ತೆರೆಯದೆ, ಆರ್ಡರ್ ನಂಬರ್ ಕಾಲಂ ಅನ್ನು ಟೆಕ್ಸ್ಟ್ ಎಂದು ಆರಿಸಿ ಇಂಪೋರ್ಟ್ ಮಾಡಿ. ಎರಡನೆಯದು, ಪಾವತಿ ವರದಿಯಲ್ಲಿ ಒಂದೇ ಆರ್ಡರ್ ಹಲವು ಸಾಲುಗಳಲ್ಲಿ ಬರುತ್ತದೆ: ಬೆಲೆ, ಕಮಿಷನ್, ಸಾಗಣೆ. ವಿಲುಕಪ್ (ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹುಡುಕಿ ತರುವ ಎಕ್ಸೆಲ್ ಸೂತ್ರ) ಮೊದಲ ಸಾಲನ್ನಷ್ಟೇ ಎತ್ತುತ್ತದೆ. ಮೊದಲು ಪಿವೋಟ್ (ಸಾಲುಗಳನ್ನು ಗುಂಪು ಮಾಡಿ ಕೂಡಿಸುವ ಎಕ್ಸೆಲ್ ಕೋಷ್ಟಕ) ಹಾಕಿ ಆರ್ಡರಿಗೊಂದು ಮೊತ್ತ ಮಾಡಿ, ಆಮೇಲೆ ವಿಲುಕಪ್.

ಬಿಲ್ ಇದ್ದು ಪಾವತಿ ಇಲ್ಲದ್ದು ಬಾಕಿ. ಪಾವತಿ ಇದ್ದು ಬಿಲ್ ಇಲ್ಲದ್ದು ಹಳೆಯ ತಿಂಗಳದ್ದೋ, ಕಳೆದುಹೋದ ಮಾಲಿಗೆ ಕೊಟ್ಟ ಪರಿಹಾರವೋ ಇರುತ್ತದೆ. ಎರಡೂ ಇದ್ದು ಕಡಿತ ಮಾತ್ರ ಹೆಚ್ಚಿದ್ದರೆ ಸಾಗಣೆ ಸಾಲು ನೋಡಿ. ಅರ್ಧ ಲೀಟರ್ ಎಣ್ಣೆ ಬಾಟಲಿ ಮತ್ತು ಡಬ್ಬಿ ಸೇರಿ ಅರ್ಧ ಕೆಜಿ ದಾಟುತ್ತದೆ, ಮುಂದಿನ ತೂಕದ ದರ ಬೀಳುತ್ತದೆ. ಡಬ್ಬಿ ದೊಡ್ಡದಾದರೆ ಅದರ ಉದ್ದ, ಅಗಲ, ಎತ್ತರದ ಅಳತೆಯ ಲೆಕ್ಕದಲ್ಲಿ ತೂಕ ಇನ್ನೂ ಏರುತ್ತದೆ. ತಪ್ಪಾಗಿ ಹಿಡಿದಿದ್ದರೆ ತೂಕದ ಫೋಟೊ ಹಾಕಿ ತಕರಾರು ಸಲ್ಲಿಸಿ. ಅದಕ್ಕೆ ಗಡುವು ಇರುತ್ತದೆ.

ಪ್ರಶ್ನೆ: ಸ್ವಂತ ವೆಬ್‌ಸೈಟ್‌ನಲ್ಲಿ ಮೆಣಸು, ಏಲಕ್ಕಿ ಮಾರುತ್ತೇವೆ. ಇದಕ್ಕೂ ಟಿಸಿಎಸ್ ಉಂಟೇ?
— ಓದುಗರು, ಸಕಲೇಶಪುರ

ಉತ್ತರ: ನಿಮ್ಮದೇ ಮಾಲು, ನಿಮ್ಮದೇ ಸೈಟ್, ಟಿಸಿಎಸ್ ಇಲ್ಲ. ಆದರೆ ಪೇಮೆಂಟ್ ಗೇಟ್‌ವೇಗೆ (ಗಿರಾಕಿಯ ಆನ್‌ಲೈನ್ ಪಾವತಿ ಪಡೆದು ನಿಮಗೆ ಕಳಿಸುವ ಸಂಸ್ಥೆ) ಒಂದು ಲೆಡ್ಜರ್, ಕ್ಯಾಶ್ ಆನ್ ಡೆಲಿವರಿ ಹಣ ತರುವ ಕೊರಿಯರ್‌ಗೆ ಇನ್ನೊಂದು ಬೇಕು. ಗಿರಾಕಿ ತೆಗೆದುಕೊಳ್ಳದೆ ವಾಪಸಾದ ಪಾರ್ಸೆಲ್‌ಗೆ ಹಣ ಬರುವುದಿಲ್ಲ, ಸಾಗಣೆ ಮಾತ್ರ ಕಡಿತವಾಗುತ್ತದೆ. ಪೊಟ್ಟಣ ಕೈಸೇರಿದ ದಿನವೇ ಕ್ರೆಡಿಟ್ ನೋಟ್ ಬರೆದು ಸ್ಟಾಕ್‌ಗೆ ಸೇರಿಸಿ. ಒಡೆದು ಹೋಗಿದ್ದರೆ ಸ್ಟಾಕ್‌ಗೆ ಬೇಡ, ನಷ್ಟಕ್ಕೆ ಬರೆಯಿರಿ. ಆ ಮಾಲಿನ ಮೇಲೆ ಪಡೆದ ಹೂಡುವಳಿ ತೆರಿಗೆಯನ್ನೂ ಹಿಂದಿರುಗಿಸಬೇಕಾಗುತ್ತದೆ.