ಕೇಸ್ ಶೀಟಿನ ಮೇಲಿನ ಕೆಂಪು ಗುರುತು ಯಾರನ್ನು ಕಾಪಾಡುತ್ತದೆ?

ಎಚ್‌ಐವಿ ಮತ್ತು ಆಸ್ಪತ್ರೆ ಸಿಬ್ಬಂದಿಯ ಬಗ್ಗೆ ಬಂದ ಮೂರು ಪತ್ರಗಳಿಗೆ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಗಳ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರು ಉತ್ತರಿಸಿದ್ದಾರೆ. ಬರೆದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ಡಾಕ್ಟ್ರೇ, ನಾನು ಒಂದು ನರ್ಸಿಂಗ್ ಹೋಮ್‌ನಲ್ಲಿ ಸ್ಟಾಫ್ ನರ್ಸ್. ಪಾಸಿಟಿವ್ ಪೇಷಂಟ್ ಬಂದರೆ ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ಬರೆಯುತ್ತೇವೆ. ವಾರ್ಡಿನ ಕೊನೆಯ ಮಂಚ ಕೊಡುತ್ತೇವೆ. ಬಿಪಿ ನೋಡುವುದಕ್ಕೂ ಎರಡೆರಡು ಗ್ಲೌಸ್ ಹಾಕುತ್ತೇವೆ. ಇದೆಲ್ಲ ತಪ್ಪು ಅಂತ ಹೊಸದಾಗಿ ಬಂದ ಡಾಕ್ಟರ್ ಬೈಯುತ್ತಾರೆ. ನಮಗೂ ಮನೆ, ಮಕ್ಕಳು ಇದ್ದಾರೆ ಅಲ್ವಾ? ಯಾರಿಗೆ ಇದೆ ಅಂತ ಮೊದಲೇ ಗೊತ್ತಿದ್ದರೆ ಹುಷಾರಾಗಿರಬಹುದು. ಅದರಲ್ಲಿ ತಪ್ಪೇನು?

ಉತ್ತರ: ಸಿಸ್ಟರ್, ಭಯ ಇರುವುದು ತಪ್ಪಲ್ಲ. ದಿನಾ ಸೂಜಿ ಹಿಡಿಯುವವರು ನೀವು. ಆದರೆ ಆ ಭಯ ಯಾವುದರ ಮೇಲಿರಬೇಕು ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಎಚ್‌ಐವಿ ಇರುವ ರಕ್ತ ಹತ್ತಿದ ಸೂಜಿ 1000 ಸಲ ಚುಚ್ಚಿದರೆ ಸುಮಾರು 3 ಸಲ ಸೋಂಕು ತಗುಲಬಹುದು. ಕಣ್ಣಿಗೋ ಬಾಯಿಗೋ ರಕ್ತ ಸಿಡಿದರೆ 1000ಕ್ಕೆ ಸುಮಾರು 1. ಗಾಯವಿಲ್ಲದ ಚರ್ಮಕ್ಕೆ ತಾಗಿದರೆ ಏನೂ ಆಗುವುದಿಲ್ಲ. ಈಗ ಹೆಪಟೈಟಿಸ್ ಬಿ ನೋಡಿ. ಲಸಿಕೆ ಹಾಕಿಸಿಕೊಳ್ಳದವರಿಗೆ ಅಂಥ ಸೂಜಿ ಚುಚ್ಚಿದರೆ ಈ ಲೆಕ್ಕ 1000ಕ್ಕೆ 60ರಿಂದ 300ರವರೆಗೂ ಹೋಗುತ್ತದೆ. ಆ ವೈರಸ್ಸು ಒಣಗಿದ ರಕ್ತದಲ್ಲೂ ವಾರದವರೆಗೆ ಬದುಕಿರುತ್ತದೆ. ನಿಮ್ಮ ವಾರ್ಡಿನಲ್ಲಿ ಹೆಪಟೈಟಿಸ್ ಬಿ ಇರುವವರನ್ನು ಯಾರಾದರೂ ಕೊನೆಯ ಮಂಚಕ್ಕೆ ಕಳಿಸಿದ್ದಾರಾ? ಅದಿರಲಿ, ನಿಮ್ಮದು ಮೂರು ಡೋಸ್ ಲಸಿಕೆ ಮುಗಿದಿದೆಯಾ? ಕಸ ಎತ್ತುವ ಆಯಾಗೆ ಹಾಕಿಸಿದ್ದಾರಾ? 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದ ಪ್ರಕಾರ ಇದನ್ನು ಆಸ್ಪತ್ರೆಯೇ ಮಾಡಿಸಬೇಕು. ಮಾಡಿಸಿರದಿದ್ದರೆ ನಾಳೆ ಹೋಗಿ ಜಗಳ ಮಾಡಿ. ಅದು ಮಾಡಲೇಬೇಕಾದ ಜಗಳ.

ಇನ್ನು ಕೆಂಪು ಇಂಕಿನ ವಿಷಯ. ಆ ಗುರುತು ಯಾರಿಗೆ ಬೀಳುತ್ತದೆ? ತನಗೆ ಎಚ್‌ಐವಿ ಇದೆ ಅಂತ ಗೊತ್ತಿರುವವರಿಗೆ. ಅವರಲ್ಲಿ ಹೆಚ್ಚಿನವರು ದಿನಾ ಮಾತ್ರೆ ನುಂಗುತ್ತಿರುತ್ತಾರೆ. ಸರಿಯಾಗಿ ನುಂಗಿದವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದಿರುತ್ತದೆ. ಅಂಥವರಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ ಎಂದು ದೊಡ್ಡ ಅಧ್ಯಯನಗಳೇ ತೋರಿಸಿವೆ. ಸೂಜಿಯ ವಿಷಯದಲ್ಲಿ ಅಪಾಯ ಪೂರ್ತಿ ಸೊನ್ನೆ ಅನ್ನಲಾರೆ, ಆದರೆ ತುಂಬಾ ಕಡಿಮೆ.

ಗುರುತು ಬೀಳದವರು ಯಾರು? ಎರಡು ಮೂರು ವಾರದ ಹಿಂದಷ್ಟೇ ಸೋಂಕು ತಗುಲಿದವರು. ಅವರ ರಕ್ತದಲ್ಲಿ ವೈರಸ್ಸು ಕುದಿಯುತ್ತಿರುತ್ತದೆ, ರ‍್ಯಾಪಿಡ್ ಟೆಸ್ಟ್ ಮಾತ್ರ ನೆಗೆಟಿವ್ ಬರಬಹುದು. ರಾತ್ರಿ ಆಕ್ಸಿಡೆಂಟ್ ಆಗಿ ಬಂದವರು, ಟೆಸ್ಟ್ ಮಾಡುವಷ್ಟು ಹೊತ್ತೇ ಇರದವರು. ಹಾಳೆ ಮೇಲೆ ಏನೂ ಬರೆದಿಲ್ಲ ಅಂತ ಅವರ ಹತ್ತಿರ ಕೈ ಸಡಿಲ ಬಿಡುತ್ತೀರಿ. ಬಿಪಿ ಪಟ್ಟಿ ಸುತ್ತಲು ಎರಡು ಗ್ಲೌಸ್ ಹಾಕಿದವರೇ ಪಕ್ಕದ ಮಂಚದಲ್ಲಿ ಬರಿಗೈಯಲ್ಲಿ ಸೂಜಿಗೆ ವಾಪಸ್ ಕ್ಯಾಪ್ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚುಚ್ಚಿಕೊಳ್ಳುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲೇ.

ಹಾಗಾಗಿ ಎಲ್ಲರ ರಕ್ತಕ್ಕೂ ಒಂದೇ ನಿಯಮ. ರಕ್ತ ಮುಟ್ಟುವ ಕೆಲಸಕ್ಕೆ ಗ್ಲೌಸ್, ಸಿಡಿಯುವ ಕಡೆ ಕನ್ನಡಕ ಮತ್ತು ಮಾಸ್ಕ್. ಬಳಸಿದ ಸೂಜಿ ನೇರವಾಗಿ ಕಟರ್‌ಗೆ, ಆಮೇಲೆ ಬಿಳಿ ಡಬ್ಬಕ್ಕೆ. ಚೆಲ್ಲಿದ ರಕ್ತಕ್ಕೆ ಹೈಪೋಕ್ಲೋರೈಟ್. ಬಿಪಿ, ಜ್ವರ, ಮಾತ್ರೆ ಕೊಡುವುದು, ಕೈ ಹಿಡಿದು ಎಬ್ಬಿಸುವುದು ಇವಕ್ಕೆ ಒಂದು ಗ್ಲೌಸೂ ಬೇಡ. ಕೆಲವು ಆಪರೇಷನ್‌ಗೆ ಎರಡು ಗ್ಲೌಸ್ ಹಾಕುವುದು ಒಳ್ಳೆಯದೇ, ಆದರೆ ಅದನ್ನು ನಿರ್ಧರಿಸಬೇಕಾದದ್ದು ಆಪರೇಷನ್ ಎಂಥದ್ದು ಅನ್ನುವುದು.

ಸಣ್ಣ ಊರಿನ ವಾರ್ಡಿನಲ್ಲಿ ಆ ಕೆಂಪು ಅಕ್ಷರವನ್ನು ಓದುವವರು ನೀವು ಮಾತ್ರ ಅಲ್ಲ. ಪಕ್ಕದ ಮಂಚದವರ ಅತ್ತೆ ಓದುತ್ತಾರೆ. ಊಟ ತಂದ ಹುಡುಗ ಓದುತ್ತಾನೆ. ಸಂಜೆಯೊಳಗೆ ಅದು ಅವರ ಕೇರಿಗೆ ಮುಟ್ಟಿರುತ್ತದೆ. ಚಿಕಿತ್ಸೆಗೆ ಬೇಕಾದ ವಿವರವನ್ನು ಶುಗರ್, ಅಸ್ತಮಾ ಬರೆದ ಹಾಗೆ ಒಳಗಿನ ಹಾಳೆಯಲ್ಲಿ ಬರೆಯಿರಿ, ಸಾಕು. ಮುಖಪುಟಕ್ಕೆ ಬೇಡ, ಮಂಚಕ್ಕಂತೂ ಬೇಡವೇ ಬೇಡ.

ಒಂದು ವೇಳೆ ಚುಚ್ಚಿಕೊಂಡರೆ? ಬೆರಳನ್ನು ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ, ಡೆಟಾಲ್ ಸುರಿಯಬೇಡಿ. ಸೋಪು, ನೀರಲ್ಲಿ ತೊಳೆದು ತಕ್ಷಣ ಹೇಳಿ. ಸೋಂಕು ತಡೆಯುವ ಮಾತ್ರೆಯನ್ನು, ಅಂದರೆ ಪೆಪ್ ಅನ್ನು, ಸಾಧ್ಯವಾದರೆ 2 ಗಂಟೆಯೊಳಗೆ ಶುರು ಮಾಡಬೇಕು. 72 ಗಂಟೆ ದಾಟಿದರೆ ಉಪಯೋಗವಿಲ್ಲ. 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಬೈಯುತ್ತಾರೆ ಅಂತ ಮುಚ್ಚಿಟ್ಟು ಮೂರು ದಿನ ಕಳೆಯುವವರೇ ಜಾಸ್ತಿ. ರಾತ್ರಿ ಪಾಳಿಯಲ್ಲೂ ಈ ಮಾತ್ರೆ ಎಲ್ಲಿ ಸಿಗುತ್ತದೆ ಅಂತ ಇವತ್ತೇ ವಿಚಾರಿಸಿಡಿ. 2017ರ ಎಚ್‌ಐವಿ ಕಾಯ್ದೆ ರೋಗಿಗಳಿಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಸಿಬ್ಬಂದಿಗೆ ಗ್ಲೌಸ್, ತರಬೇತಿ, ಪೆಪ್ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ಪ್ರಶ್ನೆ: ನಾನು ಹಲವು ವರ್ಷಗಳಿಂದ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಆರೋಗ್ಯವಾಗಿದ್ದೇನೆ. ಹರ್ನಿಯಾ ಆಪರೇಷನ್‌ಗೆ ಖಾಸಗಿ ಆಸ್ಪತ್ರೆಯಲ್ಲಿ ದಿನ ಗೊತ್ತಾಗಿತ್ತು. ನನ್ನನ್ನು ಕೇಳದೆ ಎಚ್‌ಐವಿ ಟೆಸ್ಟ್ ಮಾಡಿದರು. ರಿಪೋರ್ಟ್ ಬಂದ ಮೇಲೆ "ನಮ್ಮಲ್ಲಿ ಅದಕ್ಕೆ ಸೌಲಭ್ಯ ಇಲ್ಲ, ಬೆಂಗಳೂರಿಗೆ ಹೋಗಿ" ಅಂದರು. ಜೊತೆಗೆ ಬಂದಿದ್ದ ಭಾವನಿಗೂ ವಿಷಯ ಹೇಳಿಬಿಟ್ಟರು. ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನೇನು ಮಾಡಲಿ?

ಉತ್ತರ: ಯಾವ ಸೌಲಭ್ಯ ಇಲ್ಲವಂತೆ? ಎಚ್‌ಐವಿಗೆ ಅಂತ ಬೇರೆ ಓಟಿ ಇಲ್ಲ, ಬೇರೆ ಕತ್ತರಿ ಇಲ್ಲ. ಉಪಕರಣಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡಲು ಎಲ್ಲರಿಗೂ ಬಳಸುವ ಆಟೋಕ್ಲೇವ್‌ನಲ್ಲೇ ಈ ವೈರಸ್ಸೂ ಸಾಯುತ್ತದೆ. ಆ ಆಟೋಕ್ಲೇವ್ ಮೇಲೆ ಅವರಿಗೇ ನಂಬಿಕೆ ಇಲ್ಲದಿದ್ದರೆ ಅಲ್ಲಿ ಯಾರೂ ಆಪರೇಷನ್ ಮಾಡಿಸಿಕೊಳ್ಳಬಾರದು.

ನೀವು ಬರೆದಿರುವುದರಲ್ಲಿ 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧವಾದದ್ದು ಮೂರಿದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡಿದ್ದು, ಭಾವನಿಗೆ ಹೇಳಿದ್ದು, ಎಚ್‌ಐವಿ ಕಾರಣಕ್ಕೆ ಚಿಕಿತ್ಸೆ ನಿರಾಕರಿಸಿದ್ದು. ಈ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಖಾಸಗಿ ಆಸ್ಪತ್ರೆಗೂ ಅನ್ವಯಿಸುತ್ತದೆ.

ಮೊದಲು, ಬೇರೆ ಕಡೆ ಯಾಕೆ ಕಳಿಸುತ್ತಿದ್ದೀರಿ ಅಂತ ಕಾರಣ ಬರೆದು ಕೊಡಲು ಕೇಳಿ. ಬಾಯಲ್ಲಿ ಸುಲಭವಾಗಿ ಹೇಳಿದ್ದನ್ನು ಲೆಟರ್‌ಹೆಡ್ ಮೇಲೆ ಬರೆಯಲು ಯಾರಿಗೂ ಇಷ್ಟವಿರುವುದಿಲ್ಲ. ಕೆಲವು ಸಲ ಅಲ್ಲಿಗೇ ಆಪರೇಷನ್ ದಿನ ಮತ್ತೆ ಸಿಗುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಒಬ್ಬ ದೂರು ಅಧಿಕಾರಿ ಇರಬೇಕು, ಅವರಿಗೆ ಬರೆದು ಕೊಡಿ. ಅಲ್ಲಿ ಆಗದಿದ್ದರೆ ಈ ಕಾಯ್ದೆಯಡಿ ದೂರು ವಿಚಾರಿಸಲು ರಾಜ್ಯ ಸರ್ಕಾರ ನೇಮಿಸುವ ಅಧಿಕಾರಿ, ಓಂಬುಡ್ಸ್‌ಮನ್ ಇದ್ದಾರೆ. ಅವರು 30 ದಿನದಲ್ಲಿ ಆದೇಶ ಕೊಡಬೇಕು. ತುರ್ತು ಚಿಕಿತ್ಸೆಯಾದರೆ ಸಾಧ್ಯವಾದಷ್ಟು 24 ಗಂಟೆಯೊಳಗೆ. ಆದೇಶ ಮೀರಿದರೆ 10,000 ರೂಪಾಯಿವರೆಗೆ ದಂಡ, ಆಮೇಲೂ ಮೀರುತ್ತಿದ್ದರೆ ದಿನಕ್ಕೆ 5,000ದವರೆಗೆ. ದೊಡ್ಡ ಆಸ್ಪತ್ರೆಗೆ ಇದೇನು ದೊಡ್ಡ ಮೊತ್ತವಲ್ಲ, ನನಗೂ ಗೊತ್ತು. ಆದರೂ ದಾಖಲೆಯಲ್ಲಿ ಉಳಿಯುತ್ತದೆ. ಕೋರ್ಟಿಗೆ ಹೋದರೆ ಹೆಸರು ಮರೆಮಾಡಿ ಕೇಸು ನಡೆಸಲು ಕೇಳಿಕೊಳ್ಳಬಹುದು. ಎಲ್ಲಿಗೆ, ಹೇಗೆ ಬರೆಯಬೇಕು ಅನ್ನುವುದಕ್ಕೆ ನಿಮ್ಮ ಎಆರ್‌ಟಿ ಕೇಂದ್ರದ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ. 1097 ಸಹಾಯವಾಣಿಗೆ ಕರೆ ಮಾಡಿದರೂ ಆಗುತ್ತದೆ, ದುಡ್ಡು ಕಟ್ಟಾಗುವುದಿಲ್ಲ.

ದೂರು ಮುಗಿಯಲಿ ಅಂತ ಹರ್ನಿಯಾ ಬಿಟ್ಟುಕೊಂಡು ಕೂರಬೇಡಿ. ಜಿಲ್ಲಾಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಎಆರ್‌ಟಿ ಕೇಂದ್ರದಿಂದಲೇ ಚೀಟಿ ಬರೆಸಿಕೊಂಡು ಹೋಗಿ. ರಕ್ತದಲ್ಲಿ ವೈರಸ್ಸು ಎಷ್ಟಿದೆ ಅಂತ ಹೇಳುವ ಇತ್ತೀಚಿನ ವೈರಲ್ ಲೋಡ್ ರಿಪೋರ್ಟ್ ಜೊತೆಗಿರಲಿ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಅರಿವಳಿಕೆ ವೈದ್ಯರಿಗೆ ಹೇಳಿ. ನಿಮ್ಮದು ಡೊಲುಟೆಗ್ರಾವಿರ್ ಇರುವ ಮಾತ್ರೆಯಾದರೆ, ಆಪರೇಷನ್ ಆದ ಮೇಲೆ ಕೊಡುವ ಆಂಟಾಸಿಡ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ಅದನ್ನು ನುಂಗಬೇಡಿ. ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಆದಮೇಲೆ ತೆಗೆದುಕೊಳ್ಳಿ.

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದ ಎಚ್‌ಐವಿ ಇದೆ. ಈಗ ನರ್ಸಿಂಗ್ ಕೊನೆಯ ವರ್ಷ. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರಾ? ಮೊದಲೇ ಹೇಳಬೇಕಾ?

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಖುಷಿಯಾಯಿತು. ಸರ್ಕಾರ ಉಚಿತವಾಗಿ ಎಆರ್‌ಟಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಅದರಿಂದ ಬದುಕಿದ ಮಕ್ಕಳು ಈಗ ಇಂಥ ಕೆಲಸಗಳಿಗೆ ಬರುತ್ತಿದ್ದಾರೆ.

ಕೆಲಸ ಕೊಡಲು ಎಚ್‌ಐವಿ ಟೆಸ್ಟ್ ಮಾಡಿಸಿ ಅನ್ನುವುದಕ್ಕೆ ಅವಕಾಶವಿಲ್ಲ. ಹೇಳುವುದು, ಬಿಡುವುದು ಅವಳ ಇಷ್ಟ. ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು, ಡ್ರೆಸ್ಸಿಂಗ್ ಮಾಡುವುದು ಇವನ್ನೆಲ್ಲ ಅವಳು ಎಲ್ಲರ ಹಾಗೆ ಮಾಡಬಹುದು. ಮಾತ್ರೆ ಮಾತ್ರ ತಪ್ಪಬಾರದು. ರಾತ್ರಿ ಪಾಳಿ ಬಂದಾಗ ಹೊತ್ತು ತಪ್ಪುವುದು ಸಾಮಾನ್ಯ, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಲಿ.

ಆಸ್ಪತ್ರೆಯಲ್ಲಿ ಅವಳಿಂದ ರೋಗಿಗಳಿಗೆ ಬರುವ ಅಪಾಯಕ್ಕಿಂತ ರೋಗಿಗಳಿಂದ ಅವಳಿಗೆ ಬರುವ ಅಪಾಯವೇ ಜಾಸ್ತಿ, ಅದರಲ್ಲೂ ಟಿಬಿ. ಕೆಲಸಕ್ಕೆ ಸೇರುವ ಮೊದಲು ಎಆರ್‌ಟಿ ವೈದ್ಯರ ಹತ್ತಿರ ಟಿಬಿ ತಡೆಯುವ ಮಾತ್ರೆಯ ಬಗ್ಗೆ ಕೇಳಲಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ, ಅದು ಹತ್ತಿದೆಯಾ ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಲಿ, ಯಾಕೆಂದರೆ ಎಚ್‌ಐವಿ ಇರುವ ಕೆಲವರಿಗೆ ಅದು ಮೊದಲ ಸಲಕ್ಕೆ ಸರಿಯಾಗಿ ಹತ್ತುವುದಿಲ್ಲ.