ಕಾಪು ಅಲೆಯ ಫೋಟೋ: ಎಲ್ಲಿ ಕತ್ತರಿಸಬೇಕು?

ಕಾಪು ದೀಪಸ್ತಂಭದ ಬಂಡೆಗೆ ಅಲೆ ಬಡಿಯುವ ಫೋಟೋವನ್ನು ಚೌಕಕ್ಕೆ ಕ್ರಾಪ್ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಬಲಗಡೆಯ ಜಾಗ ಹೋಗುತ್ತದೆ. ನೀರು ಹಾರುತ್ತಿರುವುದು ಆ ಕಡೆಗೇ ಅಲ್ವಾ? ಅಲ್ಲಿ ಜಾಗ ಬಿಡಿ. ತುಂತುರಿನ ತುದಿಯೂ ಮೇಲಂಚಿಗೆ ತಾಗಬಾರದು. ಬದಲಿಗೆ ಕೆಳಗಿನ ಖಾಲಿ ಮರಳು ತೆಗೆದು 16:9 (ಅಗಲ 16 ಪಾಲು, ಎತ್ತರ 9 ಪಾಲು) ಮಾಡಿ ನೋಡಿ. ಆದರೆ ಬಂಡೆಯ ಬುಡ ಇರಲೇಬೇಕು. ಅದಿಲ್ಲದಿದ್ದರೆ ಅಲೆ ಎಷ್ಟು ಎತ್ತರ ಹಾರಿತು ಅಂತ ಗೊತ್ತೇ ಆಗುವುದಿಲ್ಲ. ದಿಗಂತ ಎಡಕ್ಕೆ ವಾಲಿದೆ, ಮೊದಲು ಅದನ್ನು ನೇರ ಮಾಡಿ. ತಿರುಗಿಸಿದಾಗ ಅಂಚು ಸ್ವಲ್ಪ ಹೋಗುತ್ತದೆ, ಕ್ರಾಪ್ ಆಮೇಲೆ. ಮುಂದಿನ ಸಲ ಇನ್ನೂ ಅಗಲವಾಗಿ ತೆಗೆಯಿರಿ. ಶಟರ್, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಸಮಯ, 1/1000 ಸೆಕೆಂಡ್ ಇಟ್ಟರೆ ಹನಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮಳೆಗಾಲದಲ್ಲಿ ಮಾತ್ರ ನೀರಂಚಿನ ಬಂಡೆ ಹತ್ತಬೇಡಿ, ಪಾಚಿ ತುಂಬಾ ಜಾರುತ್ತದೆ.