ಟ್ರಾನ್ಸಿಷನಲ್ ಜಸ್ಟಿಸ್ ಓದೋಕೆ 30 ಲಕ್ಷ ಸಾಲ ಮಾಡಬಹುದಾ?

ಬೆಂಗಳೂರಿನಲ್ಲಿ ಎಲ್‌ಎಲ್‌ಬಿ ಕೊನೇ ವರ್ಷ, ಟ್ರಾನ್ಸಿಷನಲ್ ಜಸ್ಟಿಸ್, ಅಂದರೆ ಯುದ್ಧ ಮುಗಿದ ದೇಶಗಳಲ್ಲಿ ನೊಂದವರಿಗೆ ನ್ಯಾಯ ಕೊಡಿಸುವ ಕೆಲಸದಲ್ಲಿ ಪರಿಣತನಾಗಬೇಕು, ಸಾಲ ಮಾಡಿ ಯುರೋಪಿಗೆ ಹೋಗಲಾ, ಯಾವ ಯೂನಿವರ್ಸಿಟಿ ಒಳ್ಳೆಯದು ಅಂತ ಕೇಳಿದ್ದೀರಿ. 2013ರಲ್ಲಿ ನಾನೂ ಇದನ್ನು ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ. ವಿಜಯನಗರದ ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಹೊರಟೆ. "ಯುದ್ಧ ಮುಗಿದ ಮೇಲೆ ಲಾಯರಿಗೆ ಏನಪ್ಪಾ ಕೆಲಸ?" ಅಂತ ಅಪ್ಪ ಕೇಳಿದ್ದರು.

ಅಲ್ಲಿ ದಕ್ಷಿಣ ಆಫ್ರಿಕಾದ ಸತ್ಯ ಆಯೋಗ, ರುವಾಂಡಾದಲ್ಲಿ ನರಮೇಧದ ಆರೋಪಿಗಳನ್ನು ಊರವರೇ ವಿಚಾರಣೆ ಮಾಡಿದ ಗಚಾಚಾ ಪಂಚಾಯಿತಿ ಎಲ್ಲ ಓದಿದೆ. ಆಮೇಲೆ ನೇಪಾಳದಲ್ಲಿ ಆರು ತಿಂಗಳ ಗುತ್ತಿಗೆ ಸಿಕ್ಕಿತು. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳಿಗೂ ಸರ್ಕಾರಕ್ಕೂ ಯುದ್ಧ ನಡೆದಿತ್ತು. 2015ರಲ್ಲಿ ಎರಡು ಆಯೋಗ ಮಾಡಿದರು. ಒಂದು ಸತ್ಯಶೋಧನೆಗೆ, ಇನ್ನೊಂದು ಕಾಣೆಯಾದವರಿಗೆ. ನನ್ನನ್ನು ಕಳಿಸಿದ್ದು ಬರ್ದಿಯಾ ಜಿಲ್ಲೆಗೆ. ಆ ಒಂದೇ ಜಿಲ್ಲೆಯಲ್ಲಿ 200ಕ್ಕೂ ಜಾಸ್ತಿ ಜನ ಕಾಣೆಯಾಗಿದ್ದರು, ಹೆಚ್ಚಿನವರು ಥಾರು ಸಮುದಾಯದವರು.

ಕುಟುಂಬಗಳ ಹೇಳಿಕೆ ಬರೆದುಕೊಳ್ಳುವ ಫಾರಂ ನನ್ನ ಕೈಯಲ್ಲಿತ್ತು. ಅದರಲ್ಲಿ ನೇಪಾಳಿಯಲ್ಲಿ 'ಮೃತಕ' (ಸತ್ತವರು), 'ಬೇಪತ್ತಾ' (ಕಾಣೆಯಾದವರು) ಅಂತ ಎರಡು ಕಾಲಂ. ಎಕ್ಸೆಲ್‌ನಲ್ಲಿ ಸುಲಭ ಆಗಲಿ ಅಂತ ನಾನು ಎರಡನ್ನೂ ಸೇರಿಸಿ ಒಂದೇ 'ಮೃತಕ' ಮಾಡಿದೆ. ಎಡವಿದ್ದು ಅಲ್ಲೇ. ಉಡಾಫೆ ಅಂದುಕೊಳ್ಳಬೇಡಿ, ನನಗೆ ಕಾನೂನಿನ ಕಾರಣ ಇತ್ತು! ಆಗಿನ ನಮ್ಮ ಸಾಕ್ಷ್ಯ ಕಾಯ್ದೆಯ 108ನೇ ಸೆಕ್ಷನ್, 2024ರಲ್ಲಿ ಜಾರಿಯಾದ ಹೊಸ ಕಾಯ್ದೆಯಲ್ಲಿ 111, ನೀವೂ ಬಾಯಿಪಾಠ ಮಾಡಿರುತ್ತೀರಿ: 7 ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತಂತೆ ಲೆಕ್ಕ. ಇವರು ಹೋಗಿ 13 ವರ್ಷ ಆಗಿತ್ತು. ಇನ್ನೇನು ಅನುಮಾನ ಅನ್ನಿಸಿತು. ಪದವೂ ಪರಿಚಿತ, ನಮ್ಮ 'ಮೃತ' ತಾನೇ. ಹಾಗಾಗಿ ದುಭಾಷಿಯನ್ನೂ ಕೇಳಲಿಲ್ಲ.

ನಾಲ್ಕನೇ ಮನೆಯ ಅಮ್ಮ ಬೈತಲೆಗೆ ಸಿಂಧೂರ ಇಟ್ಟುಕೊಂಡೇ ಕೂತಿದ್ದರು. ದುಭಾಷಿ ಫಾರಂ ಓದಿ ಹೇಳಿದ. ಆಕೆ ಅಳಲಿಲ್ಲ, ಬೈಯಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಇವರು ನಮ್ಮ ಗಂಡಸರನ್ನು ಸತ್ತರು ಅಂತ ಬರೆಸಿಕೊಂಡು ಫೈಲ್ ಮುಚ್ಚೋಕೆ ಬಂದಿದ್ದಾರೆ. ಅವರ ಭಯ ಸರಿಯಾಗಿಯೇ ಇತ್ತು. 1992ರ ವಿಶ್ವಸಂಸ್ಥೆ ಘೋಷಣೆ ಪ್ರಕಾರ, ಕಾಣೆಯಾದವನಿಗೆ ಏನಾಯಿತು ಅಂತ ಗೊತ್ತಾಗುವವರೆಗೂ ಅವನನ್ನು ಕಾಣೆ ಮಾಡಿದ ಅಪರಾಧ ನಡೆಯುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ಇದನ್ನು ನಾನೇ ಎರಡು ಪುಟ ಬರೆದಿದ್ದೆ. ಫಾರಂ ಮುಂದೆ ಕೂತಾಗ ನೆನಪಿಗೆ ಬಂದದ್ದು ಮಾತ್ರ 108. ಅಲ್ಲಿಂದ ಮುಂದೆ ಆ ಊರಲ್ಲಿ ಒಂದು ಮನೆಯೂ ಮಾತಾಡಲಿಲ್ಲ. ಗುತ್ತಿಗೆ ನವೀಕರಣ ಆಗಲಿಲ್ಲ. ಸಾಲದ ಕಂತು ನಿಲ್ಲಲಿಲ್ಲ.

ಹಾಗಾಗಿ ಯಾವ ಯೂನಿವರ್ಸಿಟಿ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ತಪ್ಪು ಅನ್ನಿಸುತ್ತದೆ. ಈ ಕ್ಷೇತ್ರದಲ್ಲಿ ಜಾಸ್ತಿ ಸಿಗೋದು ಮೂರು, ಆರು ತಿಂಗಳ ಕನ್ಸಲ್ಟೆಂಟ್ ಕೆಲಸ. ನೇಪಾಳದಲ್ಲಿ ಶಾಂತಿ ಒಪ್ಪಂದ ಆಗಿದ್ದು 2006ರಲ್ಲಿ, ಆಯೋಗಗಳ ಕಾಯ್ದೆಗೆ ತಿದ್ದುಪಡಿ ಬಂದದ್ದು 2024ರಲ್ಲಿ. ಬ್ಯಾಂಕು ಅಷ್ಟು ವರ್ಷ ಕಾಯುತ್ತದಾ?

ಮೊದಲು ಸಿಟಿ ಸಿವಿಲ್ ಕೋರ್ಟ್‌ನಲ್ಲಿ ಎರಡು ವರ್ಷ ಯಾರಾದರೂ ಸೀನಿಯರ್ ಹತ್ತಿರ ಕೆಲಸ ಮಾಡಿ. ಸಾಕ್ಷಿ ತಡವರಿಸಿದಾಗ ಸುಮ್ನೆ ಕೂರೋದನ್ನು ಕಲಿಯಿರಿ. ಜೊತೆಗೆ ಒಂದು ಭಾಷೆ. ಶ್ರೀಲಂಕಾ ಕಡೆ ಮನಸ್ಸಿದ್ದರೆ ತಮಿಳು ಕಲಿಯಿರಿ. ಬೆಂಗಳೂರಲ್ಲಿ ಅದಕ್ಕೆ ಸಾಲ ಬೇಕಿಲ್ಲ, ಪಕ್ಕದ ಮನೆಯವರು ಸಾಕು. ಆಮೇಲೂ ಹೋಗಬೇಕು ಅನ್ನಿಸಿದರೆ ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಾಗ ಮಾತ್ರ ಹೋಗಿ. ನನ್ನ ಮನೆ ಪತ್ರ ವಾಪಸ್ ಬಂದದ್ದು ಹೋದ ವರ್ಷ.